ಚಕ್ಕರ್ ಅಂದರೆ ಯಾವುದು?

ವಿಜಯಪುರದ ಕಡೆಯ ಅಜ್ಜಿಯೊಬ್ಬಳು ಪುಣೆಯ ದವಾಖಾನೆಗೆ ಮಗನ ಜೊತೆ ಬಂದಿದ್ದಾಳೆ ಎನ್ನೋಣ. ‘ಎದ್ದು ನಿಂತಕೂಡ್ಲೆ ಕಣ್ಣಿಗೆ ಕತ್ತಲಿ ಬರ್ತದ, ಬವಳಿ ಬಂದಂಗ ಆಗ್ತದ’ ಅನ್ನುತ್ತಾಳೆ. ಮಗ ಅದನ್ನು ವೈದ್ಯರಿಗೆ ಒಂದೇ ಪದದಲ್ಲಿ ಮುಗಿಸುತ್ತಾನೆ: ‘ಚಕ್ಕರ್’. ಅರ್ಧ ಸುಳಿವು ಅಲ್ಲೇ ಸೋರಿಹೋಯಿತು. ಮರಾಠಿಯಲ್ಲೇನು ಪದಗಳಿಗೆ ಬರವೇ? ನಮ್ಮ ಬವಳಿಯ ಒಡಹುಟ್ಟಿನಂತೆ ಕೇಳಿಸುವ ‘ಭೋವಳ್’ ಇದೆ, ಕಣ್ಗತ್ತಲೆಗೆ ‘ಅಂಧಾರಿ’ ಇದೆ. ಅವಸರದಲ್ಲಿ ಮಾತ್ರ ಎಲ್ಲವೂ ಚಕ್ಕರ್.

ಕೋಣೆಯೇ ಗರಗರ ತಿರುಗಿದರೆ ಗುಮಾನಿ ಒಳಕಿವಿಯ ಮೇಲೆ. ಅಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಜಾಗ ಬಿಟ್ಟು ಅರ್ಧವರ್ತುಲ ನಾಳಗಳಿಗೆ ಜಾರಿದರೆ, ಹಾಸಿಗೆಯಲ್ಲಿ ಮಗ್ಗುಲಾದರೂ ಜಗತ್ತು ಬುಗುರಿಯಾಗುತ್ತದೆ. ಸಾಮಾನ್ಯವಾಗಿ ನಿಮಿಷದೊಳಗೆ ನಿಲ್ಲುತ್ತದೆ. ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಹಿಂದಕ್ಕೆ ಕಳಿಸುತ್ತಾರೆ.

ಕತ್ತಲೆ ಕವಿಯುವುದು ಬೇರೆಯೇ ಕತೆ. ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿಮಾಡಿ, ಹೃದಯದ ಬಡಿತ ಏರಿಸಿ ಅದನ್ನು ಸರಿದೂಗಿಸಬೇಕು. ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯ ನೂಕುನುಗ್ಗಲಿನಲ್ಲಿ ತಾಸುಗಟ್ಟಲೆ ನಿಂತ ಹುಡುಗ ಬೆವೆತು, ಬಿಳಿಚಿಕೊಂಡು ಕುಸಿದನೆಂದರೆ ಆ ಲೆಕ್ಕ ತಪ್ಪಿರಬಹುದು. ಮಿದುಳಿಗೆ 6ರಿಂದ 8 ಸೆಕೆಂಡ್ ರಕ್ತ ನಿಂತರೂ ಎಚ್ಚರ ತಪ್ಪುತ್ತದೆ. ಕೆಳಗೆ ಬಿದ್ದರೆ ತಲೆ ಹೃದಯದ ಮಟ್ಟಕ್ಕೆ ಬಂದು ರಕ್ತ ಮರಳುತ್ತದೆ. ಇಂಥವನನ್ನು ಎತ್ತಿ ಕೂರಿಸುವುದು ನಮ್ಮ ಜನರ ಅತಿ ಪ್ರೀತಿಯ ತಪ್ಪು. ಕೈಕಾಲು ನಾಲ್ಕು ಸಲ ಅದುರಿದರಂತೂ ‘ಫಿಟ್ಸ್’ ಎಂದು ಕೈಗೆ ಕಬ್ಬಿಣದ ಬೀಗದಕೈ! ಬರಿಯ ಬವಳಿಯಲ್ಲೂ ಕೈಕಾಲು ಅದುರುತ್ತವೆ.

ಹೆದರಬೇಕಾದ್ದು ಓಡುವಾಗಲೋ, ಮಲಗಿದ್ದಾಗಲೋ ಯಾವ ಮುನ್ಸೂಚನೆಯೂ ಇಲ್ಲದೆ ತಪ್ಪುವ ಎಚ್ಚರಕ್ಕೆ. ಅಲ್ಲಿ ಹೃದಯದ ತಾಳವೇ ತಪ್ಪಿರಬಹುದು. ತೊಂದರೆಯೆಂದರೆ, ದವಾಖಾನೆ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಅದು ಸರಿಹೋಗಿರುತ್ತದೆ, ಇಸಿಜಿ ನಿರ್ಮಲವಾಗಿರುತ್ತದೆ. ಹಾಗಾಗಿ ಓಡಾಡುವಾಗಲೂ ಇಸಿಜಿ ಹಿಡಿಯುತ್ತ ಹೃದಯದ ಬೆನ್ನು ಹತ್ತುವ ಯಂತ್ರ ಬೇಕು; ಅದನ್ನು ಮಾಡಿದವನು ಅಮೆರಿಕದ ವಿಜ್ಞಾನಿ ನಾರ್ಮನ್ ಹೋಲ್ಟರ್. ಅವನ ಮೊದಲ ಯಂತ್ರ ಸುಮಾರು 38 ಕಿಲೊ, ಬೆನ್ನ ಮೇಲೆ ಹೊರಬೇಕಿತ್ತು. ಇಂದು ಅದು ಅಂಗಿಯೊಳಗೆ ಅಡಗುತ್ತದೆ. ತಿಂಗಳಿಗೊಮ್ಮೆ ಬೀಳುವವರಿಗೆ ಅದರ 24 ತಾಸಿನ ದಾಖಲೆ ಸಾಲದು. ಅವರ ಎದೆಯ ಚರ್ಮದಡಿ ಕಡ್ಡಿಯಷ್ಟು ಚಿಕ್ಕ ಯಂತ್ರ ಇಟ್ಟು ವರ್ಷಗಟ್ಟಲೆ ಕಾಯುತ್ತಾರೆ.

ನೆಟ್ಟಗೆ ಎಂಆರ್‌ಐಗೆ ಓಡುವುದು ನನಗೆ ಹಿಡಿಸದ ಸಂಗತಿ. ಬಿದ್ದವರನ್ನು ಕಂಡವರು ಹೇಳುವ ಮಾತು, ಸಿಕ್ಕರೆ ಮೊಬೈಲ್ ವಿಡಿಯೊ, ಅದಕ್ಕಿಂತ ಹೆಚ್ಚು ಹೇಳುತ್ತವೆ.

ಅಜ್ಜಿಗೆ ಬೇಕಾದದ್ದು ಬಿಪಿ ಪಟ್ಟಿಯೊಂದೇ. ಮಲಗಿಸಿ ಅಳೆದು, ನಿಲ್ಲಿಸಿ 3 ನಿಮಿಷದೊಳಗೆ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಇಳಿದರೆ ಮುಂದಿನ ಪ್ರಶ್ನೆ: ‘ಅಜ್ಜಿ, ದಿನಾ ಯಾವ್ಯಾವ ಗುಳಿಗಿ ತಗೋತೀರಿ? ಚೀಲ ತೋರಿಸ್ರಿ.’