ಚಳಿಗೆ ಡೀಸೆಲ್ ಹೆಪ್ಪುಗಟ್ಟಿ ಕಾರು ಸ್ಟಾರ್ಟ್ ಆಗುವುದಿಲ್ಲವೇ? ಸೀಮೆಎಣ್ಣೆ ಬೆರೆಸುವ ಮುನ್ನ ಓದಿ

ಚಳಿಗಾಲದಲ್ಲಿ ಮುನವಳ್ಳಿಯಿಂದ ನಸುಕಿಗೇ ಎಲ್ಲಮ್ಮನ ಗುಡ್ಡಕ್ಕೆ ಹೊರಟವರ ಹಳೆಯ ಡೀಸೆಲ್ ಕಾರು ಸ್ಟಾರ್ಟ್ ಆಗದಿದ್ದರೆ ಸಿಗುವ ಸಲಹೆ ಒಂದೇ: "ಚಳಿಗೆ ಡೀಸೆಲ್ ಗಟ್ಟಿಯಾಗಿದೆ, ಸ್ವಲ್ಪ ಸೀಮೆಎಣ್ಣೆ ಹಾಕಿ." ಇದು ನಿಜವೇ?

ವಾಸ್ತವವೇನು?

ಡೀಸೆಲ್‌ನಲ್ಲಿ ಮೇಣದ ಅಂಶವಿದೆ. ಚಳಿ ಹೆಚ್ಚಾದರೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟುವುದು ನಿಜ. ಲಡಾಖ್‌ನಂಥ ಪ್ರದೇಶಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಆದರೆ ನಮ್ಮಲ್ಲಿ ಚಳಿಗಾಲಕ್ಕೆ ಮಾರುವ ಸಾಮಾನ್ಯ ಡೀಸೆಲ್ಲೇ 6 ಡಿಗ್ರಿಯವರೆಗೆ ಫಿಲ್ಟರ್ ದಾಟಿ ಹರಿಯಬೇಕು ಎನ್ನುತ್ತದೆ ಭಾರತೀಯ ಮಾನಕ. ಮಲಪ್ರಭಾ ದಂಡೆಯ ಚಳಿ ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ.

ಹಾಗಾದರೆ ಸ್ಟಾರ್ಟ್ ಆಗದಿರಲು ಕಾರಣ?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು 20 ಪಟ್ಟು ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ತಣ್ಣಗಿನ ಎಂಜಿನ್ ಆ ಶಾಖವನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಹಳೆಯ ಇಂಡಿಕಾದಂಥ ಕಾರುಗಳಲ್ಲಿ ಪ್ರತಿ ಸಿಲಿಂಡರ್‌ಗೊಂದು ಗ್ಲೋ ಪ್ಲಗ್ ಇರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಸುರುಳಿಯಾಕಾರದ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು.

ನೀವೇ ಪತ್ತೆ ಹಚ್ಚಿ

1. ಸೆಲ್ಫ್ ನಿಧಾನ ತಿರುಗಿ ದೀಪ ಮಂಕಾದರೆ: ಬ್ಯಾಟರಿ ಅಥವಾ ಟರ್ಮಿನಲ್ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು.

2. ಚೆನ್ನಾಗಿ ತಿರುಗಿ ಬಿಳಿ ಹೊಗೆ ಬಂದರೆ: ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ. ಗ್ಲೋ ಪ್ಲಗ್ ಪರೀಕ್ಷಿಸಿ. ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಒಳ್ಳೆಯ ಪ್ಲಗ್ ಸುಮಾರು 1 ಓಮ್ ತೋರಿಸುತ್ತದೆ; ಏನೂ ತೋರಿಸದಿದ್ದರೆ ಸುಟ್ಟಿದೆ. ಒಂದೇ ಪ್ಲಗ್ ಹೋಗಿದ್ದರೆ ಎಂಜಿನ್ ಸ್ಟಾರ್ಟ್ ಆಗಿ ಕೆಲ ಹೊತ್ತು ನಡುಗುತ್ತದೆ. ಎಲ್ಲ ಪ್ಲಗ್ ಸರಿಯಿದ್ದೂ ಬಿಸಿಯಾಗದಿದ್ದರೆ ಫ್ಯೂಸ್ ಅಥವಾ ರಿಲೇ ನೋಡಿ.

3. ಚೆನ್ನಾಗಿ ತಿರುಗಿಯೂ ಹೊಗೆಯೇ ಇಲ್ಲದಿದ್ದರೆ: ಡೀಸೆಲ್ ತಲುಪುತ್ತಿಲ್ಲ. ಕೈಪಂಪ್ ಒತ್ತಿದ ಮೇಲೆ ಸ್ಟಾರ್ಟ್ ಆದರೆ ಪೈಪ್ ಅಥವಾ ಫಿಲ್ಟರ್ ಬಳಿ ಗಾಳಿ ಎಳೆಯುತ್ತಿದೆ ಎಂದರ್ಥ.

4. ಎಲ್ಲ ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ: ಮೆಕ್ಯಾನಿಕ್ ಬಳಿ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಇವನ್ನು ಮಾಡಬೇಡಿ

ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್‌ಗಳಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ, ಹೀಗಾಗಿ ಪಂಪ್ ಸವೆಯುತ್ತದೆ. ಅಗ್ಗದ ಗ್ಲೋ ಪ್ಲಗ್ ಬದಲಿಸುವ ಕಡೆ ದುಬಾರಿ ಪಂಪ್ ರಿಪೇರಿಗೆ ಬರುತ್ತದೆ. ಪಡಿತರದ ನೀಲಿ ಸೀಮೆಎಣ್ಣೆಯನ್ನು ವಾಹನಕ್ಕೆ ಬಳಸುವುದು ಕಾನೂನುಬಾಹಿರವೂ ಹೌದು. ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆದರೆ ಒಳಗೇ ಸ್ಫೋಟಿಸಬಹುದು. ಟ್ಯಾಂಕ್ ಕೆಳಗೆ ಬೆಂಕಿ ಹಚ್ಚುವುದಂತೂ ಜೀವಕ್ಕೇ ಅಪಾಯ.

ತೀರ್ಪು: ಲಡಾಖ್‌ನಲ್ಲಿ ನಿಜವಾದದ್ದು ಮುನವಳ್ಳಿಯಲ್ಲಿ ನಿಜವಲ್ಲ. ಇಲ್ಲಿ ಹೆಪ್ಪುಗಟ್ಟುವುದು ಡೀಸೆಲ್ ಅಲ್ಲ, ಕೈಕೊಟ್ಟಿರುವುದು ಹೆಚ್ಚಾಗಿ ಬ್ಯಾಟರಿ ಅಥವಾ ಗ್ಲೋ ಪ್ಲಗ್. ಸೀಮೆಎಣ್ಣೆಯ ಸಲಹೆ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಬದಲು ಈ ನಾಲ್ಕು ಪರೀಕ್ಷೆಗಳನ್ನು ಹಂಚಿಕೊಳ್ಳಿ.