ಮೂಲೆಗೂ ಸೈ, ಕವರ್‌ಗೂ ಸೈ: ಹರಾಜಿಗೆ ಮುನ್ನ ಕಬಡ್ಡಿ ಡಿಫೆಂಡರ್‌ನನ್ನು ಅಳೆಯುವುದು ಹೇಗೆ?



ಪಾಂಡೇಸರಾದ ಮಿಲ್ಲುಗಳಲ್ಲಿ ಪಾಳಿ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು ಟಿವಿ ಮುಂದೆ ಕೂತವರಿಗೆ ಪ್ರೊ ಕಬಡ್ಡಿ ಎಂದರೆ ಊರಿನ ಜಾತ್ರೆಯ ನೆನಪು. ಆಟಕ್ಕೆ ಮೊದಲು ನಡೆಯುವ ಹರಾಜು ಕೂಡ ಈಗ ಒಂದು ಜಾತ್ರೆಯೇ. ಅಲ್ಲಿ ನಮ್ಮವರೆಲ್ಲ ಕೇಳುವ ಪ್ರಶ್ನೆ ಒಂದೇ: "ರೈಡರ್ ಯಾರು ಸಿಕ್ಕ?" ಆದರೆ 2025ರ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆಗೆ ಹೋದವನು ಬರಿಯ ರೈಡರ್ ಅಲ್ಲ. ಇರಾನಿನ ಮೊಹಮ್ಮದ್‌ರೇಜಾ ಶಾದ್ಲೂಯಿ. ಎಡಮೂಲೆಯಲ್ಲಿ ನಿಂತು ಕಾಲು ಹಿಡಿಯುತ್ತಾನೆ, ಬೇಕಾದಾಗ ರೈಡಿಗೂ ಹೋಗುತ್ತಾನೆ. ಅವನಿಗೆ 2.23 ಕೋಟಿ ರೂಪಾಯಿ ಕೊಟ್ಟದ್ದು ಬೇರೆ ಯಾರೂ ಅಲ್ಲ, ನಾವಿರುವ ರಾಜ್ಯದ ಗುಜರಾತ್ ಜೈಂಟ್ಸ್.

ಇಷ್ಟು ಹಣ ಏಕೆ? ಎರಡು ಮೂರು ಕೆಲಸ ಬಲ್ಲ ಡಿಫೆಂಡರ್‌ನನ್ನು (ನಮ್ಮ ಕರಾವಳಿಯವರ ಮಾತಿನಲ್ಲಿ ಕ್ಯಾಚರ್) ತಂಡದವರು ಹೇಗೆ ತೂಗಿ ನೋಡುತ್ತಾರೆ? ಈ ಸಲ ಅದನ್ನೇ ತಿಳಿಯೋಣ. ಮನೆಯಲ್ಲಿ ಕಬಡ್ಡಿ ಆಡುವ ಮಗನಿದ್ದರೆ ಕೊನೆಯ ಭಾಗವನ್ನು ತಪ್ಪದೆ ಓದಿ.

ಜಾಗ ಬೇರೆ, ಕೆಲಸ ಬೇರೆ

ಅಂಕಣದಲ್ಲಿ ಏಳು ಜನ. ಎರಡು ತುದಿಗಳಲ್ಲಿ ಎಡಮೂಲೆ, ಬಲಮೂಲೆ. ಅವರಿಂದ ಒಳಗೆ ಬಂದರೆ ಇನ್ ಮತ್ತು ಕವರ್ ಜಾಗಗಳು, ನಡುವೆ ಸೆಂಟರ್. ಮೂಲೆಯವನಿಗೆ ತಾಳ್ಮೆ ಮುಖ್ಯ. ರೈಡರ್ ಬೋನಸ್ ಗೆರೆಗೆ ಕಾಲು ಚಾಚುವ ಕ್ಷಣ ಕಾದು, ಹರಡು ಅಥವಾ ತೊಡೆ ಹಿಡಿಯಬೇಕು. ಕವರ್‌ನವನ ಕೆಲಸ ಬೇರೆ. ಮೂಲೆಯವನು ಹಿಡಿದೊಡನೆ ಓಡಿ ಬಂದು ದಾರಿ ಮುಚ್ಚಬೇಕು, ಇಲ್ಲವೇ ಭುಜದಿಂದ ಗುದ್ದಿ ರೈಡರ್‌ನನ್ನು ಹೊರಗೆ ತಳ್ಳಬೇಕು. ಒಬ್ಬನಿಗೆ ಕಣ್ಣು ಮತ್ತು ಕೈ, ಇನ್ನೊಬ್ಬನಿಗೆ ಮೈಭಾರ ಮತ್ತು ವೇಗ.

ಎಡಮೂಲೆಯವನನ್ನು ಬಲಮೂಲೆಗೆ ನಿಲ್ಲಿಸಿದರೂ ಸಾಕು, ಬಲಗೈಯಲ್ಲಿ ಬರೆಯುವವನಿಗೆ ಎಡಗೈಯಲ್ಲಿ ಬರೆ ಎಂದಂತೆ. ಮುಂದೆ ಇಡುವ ಕಾಲು, ಮೊದಲು ಚಾಚುವ ಕೈ, ತಿರುಗುವ ದಿಕ್ಕು ಎಲ್ಲವೂ ಬದಲು. ಅದಕ್ಕೇ ಎರಡೂ ಕಡೆ ನಿಜವಾಗಿ ಆಡಬಲ್ಲವರು ಕಡಿಮೆ, ಕಡಿಮೆ ಇರುವ ಸರಕಿಗೆ ಬೆಲೆ ಹೆಚ್ಚು. ಸೂರತ್ತಿನ ಬಟ್ಟೆ ಮಾರುಕಟ್ಟೆ ನೋಡಿದ ನಿಮಗೆ ಇದನ್ನು ನಾವು ಹೇಳಬೇಕಾಗಿಲ್ಲ.

ಅಂಕಪಟ್ಟಿ ನೋಡಿ ಮೋಸ ಹೋಗಬೇಡಿ

ಸಾಮಾನ್ಯವಾಗಿ ನಾವು ನೋಡುವುದು ಟ್ಯಾಕಲ್ ಅಂಕ. ಒಂದು ಲೆಕ್ಕ ಮಾಡೋಣ. ಒಬ್ಬ ಡಿಫೆಂಡರ್ 100 ಸಲ ಹಿಡಿಯಲು ಹೋಗಿ 50 ಸಲ ಗೆದ್ದ ಎಂದುಕೊಳ್ಳಿ. ಇನ್ನೊಬ್ಬ 60 ಸಲ ಹೋಗಿ 36 ಸಲ ಗೆದ್ದ. ಪಟ್ಟಿಯಲ್ಲಿ ಮೊದಲನೆಯವನೇ ಮೇಲೆ. ಆದರೆ ಸೋತ ಪ್ರತಿ ಹಿಡಿತಕ್ಕೂ ಎದುರಾಳಿಗೆ ಕನಿಷ್ಠ ಒಂದು ಅಂಕ, ಜೊತೆಗೆ ನಮ್ಮವನು ಹೊರಗೆ. ಮೊದಲನೆಯವನು ತಂದದ್ದು 50, ಕಳೆದದ್ದೂ 50. ಎರಡನೆಯವನು ತಂದದ್ದು 36, ಕಳೆದದ್ದು 24. ಲಾಭ ಇರುವುದು ಎರಡನೆಯವನಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ಅಂಕಣದಲ್ಲಿ ಮೂವರು ಅಥವಾ ಇನ್ನೂ ಕಡಿಮೆ ಜನ ಉಳಿದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಸದಾ ಸೋಲುವ ತಂಡದಲ್ಲಿ ಆ ಸ್ಥಿತಿ ಮತ್ತೆ ಮತ್ತೆ ಬರುವುದರಿಂದ ಅಲ್ಲಿನ ಡಿಫೆಂಡರ್‌ನ ಅಂಕ ಉಬ್ಬಿ ಕಾಣಬಹುದು. ಆದರೆ ಬಹುಮುಖಿ ಆಟಗಾರನ ನಿಜವಾದ ಪರೀಕ್ಷೆಯೂ ಅಲ್ಲೇ. ಮೂವರೇ ಉಳಿದಾಗ ಮೂಲೆಯವನು ನಡುವೆಯೂ ನಿಲ್ಲಬೇಕು, ಕವರ್‌ನವನು ಕಾಲನ್ನೂ ಹಿಡಿಯಬೇಕು. ರೈಡರ್‌ಗಳೆಲ್ಲ ಔಟಾಗಿದ್ದರೆ ಯಾರಾದರೂ ಎದುರಾಳಿಯ ಅಂಕಣಕ್ಕೆ ಹೋಗಲೇಬೇಕು. ಆಗ 30 ಸೆಕೆಂಡು ಆಡಿ, ಒಂದು ಬೋನಸ್ ತಂದು, ಜೀವಂತ ಮರಳುವ ಡಿಫೆಂಡರ್ ಚಿನ್ನ.

ಹಾಗಾಗಿ ಜಾಣ ತರಬೇತುದಾರರು ಅಂಕದ ಜೊತೆಗೆ ಇಷ್ಟನ್ನು ನೋಡುತ್ತಾರೆ: ಎರಡನೇ ಜಾಗದಲ್ಲಿ ಅವನ ಹಿಡಿತ ಎಷ್ಟು ಸಫಲ? ಎರಡು ಬರಿದಾದ ರೈಡುಗಳ ನಂತರದ ಡು-ಆರ್-ಡೈ ರೈಡಿನಲ್ಲಿ ಆತುರಪಡುತ್ತಾನೆಯೇ? ಪಕ್ಕದವನ ಜೊತೆ ಹೊಂದುತ್ತಾನೆಯೇ? ಮೊಣಕಾಲು, ಭುಜದ ಗಾಯಗಳ ಇತಿಹಾಸ ಏನು?

ಗುಜರಾತಿನ ಪಾಠ

2017ರಲ್ಲಿ ಗುಜರಾತ್ ತಂಡ ಮೊದಲ ಸಲ ಕಣಕ್ಕಿಳಿದಾಗ ನಾಯಕ ನಮ್ಮ ಕನ್ನಡಿಗ ಸುಕೇಶ್ ಹೆಗ್ಡೆ. ಆ ತಂಡದ ಬಲ ಇದ್ದದ್ದು ನಾಲ್ಕು ಡಿಫೆಂಡರ್‌ಗಳಲ್ಲಿ. ಮೂಲೆಗಳಲ್ಲಿ ಇರಾನಿನ ಫಜಲ್ ಅತ್ರಾಚಲಿ ಮತ್ತು ಅಬೋಜರ್ ಮಿಘಾನಿ, ಕವರ್‌ಗಳಲ್ಲಿ ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈಂಸ್ವಾಲ್. ಒಬ್ಬೊಬ್ಬನಿಗೂ ಒಂದೊಂದೇ ಜಾಗ, ಆದರೆ ನಾಲ್ವರೂ ಒಂದೇ ಉಸಿರಿನಲ್ಲಿ ಕದಲುತ್ತಿದ್ದರು. ಮೊದಲ ವರ್ಷವೇ ಫೈನಲ್ ತಲುಪಿ ಪಾಟ್ನಾ ಪೈರೇಟ್ಸ್‌ಗೆ ಸೋತರು. ಮರುವರ್ಷದ ಹರಾಜಿನಲ್ಲಿ ಫಜಲ್‌ನನ್ನು ಯು ಮುಂಬಾ ಒಂದು ಕೋಟಿ ರೂಪಾಯಿಗೆ ಕೊಂಡಿತು. ಪ್ರೊ ಕಬಡ್ಡಿಯಲ್ಲಿ ಮೊದಲು ಕೋಟಿ ಮುಟ್ಟಿದವನು ರೈಡರ್ ಅಲ್ಲ, ಡಿಫೆಂಡರ್ ಎಂಬುದು ನೆನಪಿರಲಿ. ಮೂಲೆಗಳು ಹೋದರೂ ಕವರ್ ಜೋಡಿ ಉಳಿಯಿತು, ಗುಜರಾತ್ ಮತ್ತೆ ಫೈನಲ್‌ಗೆ ಬಂತು. 2019ರ ಜನವರಿ 5ರಂದು ಅದನ್ನು 38-33ರಿಂದ ಸೋಲಿಸಿದ್ದು ಬೆಂಗಳೂರು ಬುಲ್ಸ್! ಹುಟ್ಟಿದ ಊರಿಗೆ ಕೂಗುವುದೋ, ಅನ್ನ ಕೊಟ್ಟ ಊರಿಗೆ ಕೂಗುವುದೋ ಎಂದು ಇಲ್ಲಿನ ಕನ್ನಡಿಗರು ಗೊಂದಲಪಟ್ಟ ರಾತ್ರಿ ಅದು.

ಈಗ 2025ಕ್ಕೆ ಬನ್ನಿ. ಒಂದು ತಂಡಕ್ಕೆ ಖರ್ಚು ಮಾಡಲು ಇದ್ದದ್ದು ಒಟ್ಟು 5 ಕೋಟಿ. ಕನಿಷ್ಠ 18 ಆಟಗಾರರು ಬೇಕು. ಶಾದ್ಲೂಯಿಗೆ 2.23 ಕೋಟಿ ಹೋದ ಮೇಲೆ ಉಳಿದ 17 ಜನರಿಗೆ 2.77 ಕೋಟಿ, ತಲಾ ಸುಮಾರು 16 ಲಕ್ಷ. ಅದಕ್ಕೂ ಹಿಂದಿನ ಎರಡು ಋತುಗಳಲ್ಲಿ ಶಾದ್ಲೂಯಿ ಇದ್ದ ಪುಣೇರಿ ಪಲ್ಟನ್ ಮತ್ತು ಹರಿಯಾಣ ಸ್ಟೀಲರ್ಸ್ ಚಾಂಪಿಯನ್ ಆಗಿದ್ದವು. ಗುಜರಾತ್ ಮಾತ್ರ ಪ್ಲೇಆಫ್‌ಗೂ ಹೋಗಲಿಲ್ಲ. ಅದೇ ವರ್ಷ ದಬಂಗ್ ದೆಹಲಿ ಕಪ್ ಗೆದ್ದಾಗ ಅದರ ಎಡಮೂಲೆಯಲ್ಲಿದ್ದವನು, ಬಾಳಿಡೀ ಅದೊಂದೇ ಜಾಗವನ್ನು ಸಾಧನೆ ಮಾಡಿದ ಫಜಲ್.

ಹಾಗೆಂದು ಶಾದ್ಲೂಯಿ ಕೆಟ್ಟ ಆಟಗಾರ ಎಂದಲ್ಲ. ಒಬ್ಬನಿಗೆ ನಾಲ್ಕು ಕೆಲಸ ಬರುತ್ತದೆ ಎಂದು ನಾಲ್ಕನ್ನೂ ಅವನ ಮೇಲೆ ಹೇರಿದರೆ ಹೆಗಲು ಕುಸಿಯುತ್ತದೆ, ಅಷ್ಟೆ. ಅಮೆರಿಕದ ಫುಟ್‌ಬಾಲ್‌ನಲ್ಲೂ ಇದೇ ಕಥೆ. ಅಲ್ಲಿ ಹರಾಜಿಲ್ಲ, ಹಿಂದಿನ ವರ್ಷ ಸೋತ ತಂಡ ಮೊದಲು ಆರಿಸುವ ಡ್ರಾಫ್ಟ್ ಪದ್ಧತಿ. ಕಾಲೇಜಿನಲ್ಲಿ ರಕ್ಷಣೆಯ ಹಲವು ಜಾಗಗಳಲ್ಲಿ ಆಡಿದ ಐಸಾಯಾ ಸಿಮನ್ಸ್‌ನನ್ನು 2020ರಲ್ಲಿ ಅರಿಜೋನಾ ತಂಡ ಎಂಟನೆಯವನಾಗಿ ಆರಿಸಿತು. ಅವನಿಗೊಂದು ಖಾಯಂ ಜಾಗ ಹುಡುಕುವುದರಲ್ಲೇ ವರ್ಷಗಳು ಕಳೆದವು, 2023ರಲ್ಲಿ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. ಹತ್ತೂ ಕಡೆ ನಿಲ್ಲಬಲ್ಲವನಿಗೆ ತನ್ನದೆಂಬ ಒಂದು ಕಡೆ ಮೊದಲು ಬೇಕು.

ಮನೆಯಲ್ಲಿ ಆಟಗಾರನಿದ್ದರೆ

ನಿಮ್ಮ ಮಗ ಡಿಫೆಂಡರ್ ಆದರೆ ಮೊದಲು ಒಂದು ಜಾಗದಲ್ಲಿ ಗಟ್ಟಿಯಾಗಲಿ. ಆಮೇಲೆ ಅದರ ಪಕ್ಕದ ಜಾಗ ಕಲಿಯಲಿ: ಎಡಮೂಲೆಯವನು ಎಡಕವರ್, ಬಲಮೂಲೆಯವನು ಬಲಕವರ್. ಮೂರನೆಯದಾಗಿ, ಬೋನಸ್ ತಂದು ಸುರಕ್ಷಿತವಾಗಿ ಮರಳುವಷ್ಟು ರೈಡ್ ಸಾಕು. ಅವನು ಗೆದ್ದ ಹಿಡಿತಗಳ ಜೊತೆ ಸೋತವನ್ನೂ ಒಂದು ನೋಟ್‌ಬುಕ್ಕಿನಲ್ಲಿ ನೀವೇ ಬರೆದಿಡಿ. ಒಂದು ಋತುವಿನ ಲೆಕ್ಕ ಯಾವ ಹೊಗಳಿಕೆಗಿಂತಲೂ ಹೆಚ್ಚು ನಿಜ ಹೇಳುತ್ತದೆ.

ಒಂದು ಕಹಿ ಮಾತನ್ನೂ ಹೇಳಲೇಬೇಕು. 2025ರ ಹರಾಜಿನಲ್ಲಿ ಕೊನೆಯ ವರ್ಗದ ಮೂಲಬೆಲೆ 9 ಲಕ್ಷ. ಕೇಳಲು ಹಿತವಾಗಿದೆ. ಆದರೆ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಹೆಸರುಗಳು. ಹನ್ನೆರಡು ತಂಡ, ತಲಾ ಹೆಚ್ಚೆಂದರೆ 25 ಜನ, ಅದರಲ್ಲೂ ಬಹಳಷ್ಟು ಜಾಗ ಉಳಿಸಿಕೊಂಡ ಹಳಬರಿಗೆ. ಹಾಗಾಗಿ ಹೆಸರು ಕೂಗಿಸಿಕೊಳ್ಳದೆ ಮರಳುವವರೇ ಹೆಚ್ಚು. ಓದು ಬಿಡಿಸಬೇಡಿ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ದಾರಿಯನ್ನೂ ತೆರೆದಿಡಿ. ಆಟದಲ್ಲಿ ಎರಡನೇ ಜಾಗ ಬಲ್ಲವನೇ ಉಳಿಯುವುದು ಎಂದೆವಲ್ಲ, ಬಾಳಿನಲ್ಲೂ ಅಷ್ಟೇ.

ಮುಂದಿನ ಹರಾಜಿನ ದಿನ ಟಿವಿ ಹಾಕಿದಾಗ ರೈಡರ್‌ನ ಬೆಲೆ ಕೇಳಿ ಎದ್ದು ಹೋಗಬೇಡಿ. ಡಿಫೆಂಡರ್‌ಗಳ ಸರದಿಯವರೆಗೂ ಕೂತಿರಿ. ಯಾವ ತಂಡ ಜೋಡಿ ಹುಡುಕುತ್ತಿದೆ, ಯಾವುದು ಹೆಸರಿಗೆ ಹಣ ಸುರಿಯುತ್ತಿದೆ ಎಂಬುದು ಈಗ ನಿಮಗೂ ಕಾಣುತ್ತದೆ.

ಮತ್ತೆ ಸಿಗೋಣ, ಕೇಳುತ್ತಿರಿ.