ಹನ್ನೆರಡು ಗುಂಡು, ಆರು ಚಳಿಗಾಲ

ಒಂದು ಕೋವಿ, ಹನ್ನೆರಡು ಸಲ ಹಾರಿಸುವಷ್ಟು ಮದ್ದು, ಹನ್ನೆರಡೇ ಗುಂಡು. ಒಂದು ಕೊಡಲಿ, ಒಂದು ಚಾಕು, ಒಂದು ಸಣ್ಣ ಪಾತ್ರೆ, ಎಂಟೊಂಬತ್ತು ಕಿಲೋ ಹಿಟ್ಟು, ಚಕಮಕಿ, ಒಂದಿಷ್ಟು ಹೊಗೆಸೊಪ್ಪು, ತಲೆಗೊಂದು ಮರದ ಪೈಪು. 1743ರಲ್ಲಿ ಎಡ್ಜ್‌ಓಯಾ ಎಂಬ ದ್ವೀಪದಲ್ಲಿ ಇಳಿದ ನಾಲ್ವರು ರಷ್ಯನ್ ಬೇಟೆಗಾರರ ಹತ್ತಿರ ಇದ್ದದ್ದು ಇಷ್ಟೇ. ಒಂದು ರಾತ್ರಿ ಕಳೆದು ಮರಳೋಣವೆಂದು ಹೋದವರು ಅಲ್ಲಿ ಆರು ಚಳಿಗಾಲ ಕಳೆದರು.

ನಾರ್ವೆಯ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಡುವೆ, ಸ್ವಾಲ್‌ಬಾರ್ಡ್ ಎಂಬ ದ್ವೀಪಗಳ ಗುಂಪು ಇದೆ. ಎಡ್ಜ್‌ಓಯಾ ಅದರಲ್ಲಿ ಮೂರನೆಯ ದೊಡ್ಡ ದ್ವೀಪ. ವಿಸ್ತಾರ ಐದು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ್ದು. ವಾಲ್‌ರಸ್ ಬೇಟೆಗೆಂದು ಹದಿನಾಲ್ಕು ಮಂದಿಯನ್ನು ಹೊತ್ತು ಹೊರಟ ಹಡಗು ಗಾಳಿಗೆ ಸಿಕ್ಕಿ ಈ ದ್ವೀಪದ ಬಳಿಗೆ ಬಂದು ಮಂಜುಗಡ್ಡೆಯ ನಡುವೆ ಸಿಕ್ಕಿಕೊಂಡಿತ್ತು. ಹಿಂದೆ ಯಾರೋ ತಮ್ಮ ಊರಿನವರು ಇಲ್ಲೊಂದು ಮರದ ಗುಡಿಸಲು ಕಟ್ಟಿದ್ದರೆಂಬುದು ಅಲೆಕ್ಸೆಯ್ ಖಿಮ್ಕೋವ್‌ಗೆ ನೆನಪಿತ್ತು. ಹಡಗು ಒಡೆದರೆ ಚಳಿಗಾಲ ಕಳೆಯಲು ಒಂದು ಸೂರು ಬೇಕಲ್ಲ, ನೋಡಿ ಬರುತ್ತೇವೆಂದು ಅವನೂ ಇವಾನ್ ಖಿಮ್ಕೋವ್, ಸ್ಟೆಪಾನ್ ಶರಾಪೋವ್, ಫ್ಯೋದೋರ್ ವೆರಿಗಿನ್ ಎಂಬ ಮೂವರೂ ಮಂಜುಗಡ್ಡೆಯ ಮೇಲೆ ನಡೆದು ದಡ ಸೇರಿದರು. ಗುಡಿಸಲು ಸಿಕ್ಕಿತು: ಮೂವತ್ತಾರು ಅಡಿ ಉದ್ದ, ಹದಿನೆಂಟು ಅಡಿ ಅಗಲ, ಒಳಗೊಂದು ಒಲೆ. ರಾತ್ರಿ ಅಲ್ಲೇ ಮಲಗಿದರು. ಬೆಳಿಗ್ಗೆ ದಡಕ್ಕೆ ಬಂದು ನೋಡಿದರೆ ಹಡಗೂ ಇಲ್ಲ, ಮಂಜುಗಡ್ಡೆಯೂ ಇಲ್ಲ. ಉಳಿದ ಹತ್ತು ಮಂದಿಯ ಸುದ್ದಿ ಮತ್ತೆ ಯಾರಿಗೂ ಸಿಗಲಿಲ್ಲ.

ಹನ್ನೆರಡು ಗುಂಡಿಗೆ ಹನ್ನೆರಡು ಹಿಮಸಾರಂಗ ಬಿದ್ದವು. ಒಂದೂ ಗುರಿ ತಪ್ಪಲಿಲ್ಲ ಎನ್ನುವುದು ದೊಡ್ಡ ಮಾತೇ, ಆದರೆ ನನ್ನನ್ನು ಬೆರಗುಗೊಳಿಸುವುದು ಹದಿಮೂರನೆಯ ಸಾರಂಗ. ದಡಕ್ಕೆ ತೇಲಿಬಂದ ಹಲಗೆಯೊಂದರಲ್ಲಿ ಕಬ್ಬಿಣದ ಕೊಕ್ಕೆ, ಕೆಲವು ಮೊಳೆ ಇದ್ದವು. ಕಲ್ಲಿನ ಮೇಲಿಟ್ಟು ಬಡಿದು ಭರ್ಜಿಯ ಅಲಗು ಮಾಡಿದರು. ಆ ಭರ್ಜಿಯಿಂದ ಒಂದು ಹಿಮಕರಡಿಯನ್ನು ಕೊಂದರು. ಕರಡಿಯ ಸ್ನಾಯುವನ್ನು ಎಳೆಎಳೆಯಾಗಿ ಸೀಳಿ ಹುರಿ ಹೊಸೆದು, ತೇಲಿಬಂದ ಮರದ ಬೇರೊಂದನ್ನು ಬಗ್ಗಿಸಿ ಬಿಲ್ಲಿಗೆ ಹೆದೆ ಕಟ್ಟಿದರು. ಆ ಬಿಲ್ಲಿಗೆ ಆರು ವರ್ಷದಲ್ಲಿ ಬಿದ್ದ ಸಾರಂಗಗಳು ಸುಮಾರು 250. ಕರಡಿಗಳು ಒಟ್ಟು ಹತ್ತು. ಮೊದಲನೆಯದನ್ನು ಬಿಟ್ಟರೆ ಮಿಕ್ಕವೆಲ್ಲ ಇವರ ಮೇಲೇ ಎರಗಿ ಬಂದವು.

ದೀಪದ ಕಥೆ ಇನ್ನೂ ಹತ್ತಿರದಿಂದ ನೋಡುವಂಥದ್ದು. ಜೇಡಿಮಣ್ಣಿನಿಂದ ಹಣತೆ ಮಾಡಿ ಸಾರಂಗದ ಕೊಬ್ಬು ಹಾಕಿ ಹಚ್ಚಿದರೆ, ಬಿಸಿಗೆ ಕರಗಿದ ಕೊಬ್ಬು ಮಣ್ಣಿನ ಸಂದುಗಳಿಂದ ಜಿನುಗಿ ಹೋಗುತ್ತಿತ್ತು. ಇನ್ನೊಂದು ಹಣತೆ ಮಾಡಿ, ಒಣಗಿಸಿ, ಕೆಂಪಗೆ ಕಾಯಿಸಿ, ಹಿಟ್ಟಿನ ಗಂಜಿಯಲ್ಲಿ ಅದ್ದಿದರು. ಗಂಜಿ ಮಣ್ಣಿನ ರಂಧ್ರಗಳಿಗೆ ಇಳಿದು ಕಟ್ಟಿಕೊಂಡಿತು. ಸಾಲದೆಂದು ಬಟ್ಟೆಯ ಚೂರನ್ನು ಅದೇ ಗಂಜಿಯಲ್ಲಿ ನೆನೆಸಿ ಹೊರಗೂ ಸುತ್ತಿದರು. ಅದಾದಮೇಲೆ ಹಣತೆ ಸೋರಲಿಲ್ಲ. ತಮ್ಮ ಹತ್ತಿರವಿದ್ದ ಅಷ್ಟಿಷ್ಟು ಹಿಟ್ಟನ್ನು ಅವರು ತಿನ್ನದೆ ದೀಪಕ್ಕೆಂದು ಉಳಿಸಿಕೊಂಡದ್ದು ಏಕೆಂದು ತಿಳಿಯಲು ಒಂದು ಲೆಕ್ಕ ಸಾಕು. ಆ ಅಕ್ಷಾಂಶದಲ್ಲಿ ವರ್ಷಕ್ಕೆ ಸುಮಾರು 110 ದಿನ ಸೂರ್ಯ ಮೇಲೇಳುವುದೇ ಇಲ್ಲ. ಆರು ಚಳಿಗಾಲಕ್ಕೆ 660 ದಿನ. ಬದುಕಿನ ಎರಡು ವರ್ಷಕ್ಕೆ ಕೊಂಚ ಕಡಿಮೆ ಕಾಲ ಅವರು ಆ ಹಣತೆಯ ಬೆಳಕಿನಲ್ಲೇ ಇದ್ದರು.

ವೆರಿಗಿನ್ ಕೊನೆಯ ಚಳಿಗಾಲದಲ್ಲಿ ಸ್ಕರ್ವಿ ಎಂಬ ಕಾಯಿಲೆಯಿಂದ ತೀರಿಕೊಂಡ. ಉಳಿದ ಮೂವರನ್ನು 1749ರ ಆಗಸ್ಟ್ 15ರಂದು ಆ ದಾರಿಯಲ್ಲಿ ಬಂದ ರಷ್ಯನ್ ಹಡಗೊಂದು ಹತ್ತಿಸಿಕೊಂಡಿತು. ಪಂಚಾಂಗವಿಲ್ಲದೆ, ತಿಂಗಳುಗಟ್ಟಲೆ ಹಗಲೇ ಇಲ್ಲದ, ಮತ್ತೆ ತಿಂಗಳುಗಟ್ಟಲೆ ರಾತ್ರಿಯೇ ಇಲ್ಲದ ಜಾಗದಲ್ಲಿ ದಿನ ಎಣಿಸಿಟ್ಟಿದ್ದ ಅವರ ಪ್ರಕಾರ ಅಂದು ಆಗಸ್ಟ್ 13. ಆರು ವರ್ಷಕ್ಕೆ ಎರಡೇ ದಿನದ ವ್ಯತ್ಯಾಸ!

ಇಂದಿನ ಸ್ವಾಲ್‌ಬಾರ್ಡ್‌ನ ಲೆಕ್ಕವೂ ಕೈಗೆ ಸುಲಭವಾಗಿ ದಕ್ಕುವಂಥದ್ದಲ್ಲ. ವಿಸ್ತಾರ ಸುಮಾರು 61,000 ಚದರ ಕಿಲೋಮೀಟರ್, ಜನ ಮೂರು ಸಾವಿರದೊಳಗೆ, ಅವರಲ್ಲೂ ಹೆಚ್ಚಿನವರು ಲಾಂಗ್‌ಯಿಯರ್‌ಬಿಯನ್ ಎಂಬ ಒಂದೇ ಊರಿನಲ್ಲಿ. ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಹಿಮಸಾರಂಗಗಳು ಇಪ್ಪತ್ತೆರಡು ಸಾವಿರದಷ್ಟಿವೆ. ನೆಲದ ಅರ್ಧಕ್ಕೂ ಹೆಚ್ಚು ಭಾಗ ಹಿಮನದಿಗಳ ಕೆಳಗೆ ಹೂತಿದೆ. ಈ ಮಂಜಿನ ಒಟ್ಟು ಗಾತ್ರ ಸುಮಾರು 6,200 ಘನ ಕಿಲೋಮೀಟರ್ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಈ ಸಂಖ್ಯೆ ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಟಿಎಂಸಿಗೆ ತಿರುಗಿಸಿದಾಗ ಬೆಚ್ಚಿದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ನಿಂತಾಗ ಹಿಡಿಯುವುದು 49 ಟಿಎಂಸಿ ಚಿಲ್ಲರೆ, ಅಂದರೆ 1.4 ಘನ ಕಿಲೋಮೀಟರ್. ಸ್ವಾಲ್‌ಬಾರ್ಡ್‌ನ ಮಂಜೆಲ್ಲ ಕರಗಿ ನೀರಾದರೆ ಅಂಥ ನಾಲ್ಕು ಸಾವಿರ ಕಟ್ಟೆಗಳು ತುಂಬುತ್ತವೆ.

ಇಷ್ಟಾಗಿಯೂ ಅದು ಒಣ ನಾಡು. ಲಾಂಗ್‌ಯಿಯರ್‌ಬಿಯನ್ ಕಡೆ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 200 ಮಿಲಿಮೀಟರ್. ನಮ್ಮ ಚಿತ್ರದುರ್ಗ, ಚಳ್ಳಕೆರೆಯ ಕಡೆಯೂ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸುರಿಯುತ್ತದೆ. ಬಿದ್ದದ್ದು ಕರಗದೆ ಸಾವಿರಾರು ವರ್ಷ ಉಳಿದುಕೊಂಡರೆ ಹನಿಹನಿಯೂ ಹೀಗೆ ಪರ್ವತವಾಗುತ್ತದೆ.

ಬೆಳಕಿನದು ಇನ್ನೊಂದು ಆಶ್ಚರ್ಯ. ಆಸ್ಟ್ರಿಯದ ಚಿತ್ರಕಲಾವಿದೆ ಕ್ರಿಸ್ಟಿಯಾನೆ ರಿಟ್ಟರ್ 1934ರಲ್ಲಿ ಬೇಟೆಗಾರ ಗಂಡನ ಜೊತೆ ಒಂದು ವರ್ಷ ಇರಲೆಂದು ಸ್ವಾಲ್‌ಬಾರ್ಡ್‌ನ ಸ್ಪಿಟ್ಸ್‌ಬರ್ಗನ್ ದ್ವೀಪದ ಉತ್ತರ ಕರಾವಳಿಯ ಗ್ರೋಹುಕೆನ್‌ಗೆ ಹೋದರು. ಟಾರ್ ಹಾಳೆ ಹೊದಿಸಿದ ಆ ಪುಟ್ಟ ಪೆಟ್ಟಿಗೆಯಂಥ ಗುಡಿಸಲನ್ನು 1928ರಲ್ಲಿ ಕಟ್ಟಿದವನು ಹಿಲ್ಮರ್ ನೋಯಿಸ್. ಈ ದ್ವೀಪಗಳಲ್ಲಿ 38 ಚಳಿಗಾಲ ಕಳೆದ ಬೇಟೆಗಾರ. ಧ್ರುವಕ್ಕೆ ಅಲ್ಲಿಂದ 1,100 ಕಿಲೋಮೀಟರಿಗೆ ತುಸು ಹೆಚ್ಚು. ಅಕ್ಟೋಬರಿನಲ್ಲಿ ಮುಳುಗಿದ ಸೂರ್ಯ ನಾಲ್ಕು ತಿಂಗಳು ಕಾಣಿಸಿಕೊಳ್ಳುವುದಿಲ್ಲ. ಗಂಡಸರು ಬೇಟೆಗೆ ಹೋದಾಗ ದಿನಗಟ್ಟಲೆ ಬೀಸುವ ಬಿರುಗಾಳಿಯಲ್ಲಿ ಆಕೆ ಒಬ್ಬರೇ ಒಲೆ ಆರದಂತೆ ಕಾದಿದ್ದರು. ಅಲ್ಲಿಗೆ ಹೋದವರು ಇಷ್ಟು ಮಾತ್ರ ಬರೆದರೆ ಅದು ಕತ್ತಲೆಯ ನಾಡೆಂದೇ ನಾವು ತಿಳಿಯುತ್ತೇವೆ. ಆದರೆ ಅದೇ ಗುಡಿಸಲಿನ ಮುಂದೆ ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ನಾಲ್ಕೂವರೆ ತಿಂಗಳು ಸೂರ್ಯ ಮುಳುಗುವುದೂ ಇಲ್ಲ. ವರ್ಷದ ಒಟ್ಟು ತಾಸುಗಳನ್ನು ಕೂಡಿದರೆ ಗ್ರೋಹುಕೆನ್‌ನಲ್ಲಿ ಸೂರ್ಯ ದಿಗಂತದ ಮೇಲಿರುವ ಹೊತ್ತು ಬೆಂಗಳೂರಿಗಿಂತ ಹೆಚ್ಚೇ! ಭೂಮಿ ತನ್ನ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಮಾರ್ಚಿನಿಂದ ಸೆಪ್ಟೆಂಬರ್‌ವರೆಗಿನ ಅರ್ಧವನ್ನು ದಾಟಲು 186 ದಿನ ತೆಗೆದುಕೊಳ್ಳುತ್ತದೆ, ಇನ್ನರ್ಧಕ್ಕೆ 179. ಹೀಗಾಗಿ ಉತ್ತರದ ಬೇಸಿಗೆ ಒಂದು ವಾರ ಹೆಚ್ಚು. ಜೊತೆಗೆ ದಿಗಂತದಂಚಿನ ಸೂರ್ಯನನ್ನು ಗಾಳಿ ಬಾಗಿಸಿ ಮೇಲೆತ್ತಿ ತೋರಿಸುತ್ತದೆ; ಸೂರ್ಯ ಓರೆಯಾಗಿ ಜಾರುವ ಧ್ರುವದ ಕಡೆ ಈ ಕೊಡುಗೆ ದೊಡ್ಡದು. ಬೆಳಕಿನ ಹೊತ್ತಿಗೆ ಅಲ್ಲಿ ಕೊರತೆಯಿಲ್ಲ, ಕೊರತೆ ಅದರ ಕಾವಿಗೆ: ನಡುಬೇಸಿಗೆಯಲ್ಲೂ ಸೂರ್ಯ 34 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ರಿಟ್ಟರ್ ಮರಳಿ ಬಂದು ಬರೆದ ಪುಸ್ತಕ 1938ರಲ್ಲಿ ಹೊರಬಂತು. ಆಕೆ 103 ವರ್ಷ ಬದುಕಿದರು.

ಆ ನಾಲ್ಕೂವರೆ ತಿಂಗಳ ಬೆಳಕಿಗಾಗಿ ಯಾರೆಲ್ಲ ಬರುತ್ತಾರೆ ನೋಡಿ. ನೂರು ಗ್ರಾಂ ತೂಗುವ ಆರ್ಕ್ಟಿಕ್ ಟರ್ನ್ ದಕ್ಷಿಣ ಧ್ರುವದ ಕಡಲಿನಿಂದ ಬರುತ್ತದೆ. ಗ್ರೀನ್‌ಲ್ಯಾಂಡಿನ ಹಕ್ಕಿಗಳಿಗೆ ಪುಟ್ಟ ಯಂತ್ರ ಕಟ್ಟಿ ಅಳೆದಾಗ ಅವುಗಳ ವರ್ಷದ ಹಾರಾಟ ಸರಾಸರಿ 70,900 ಕಿಲೋಮೀಟರ್ ಎಂದು ತಿಳಿದದ್ದು 2010ರಲ್ಲಿ. ಆದರೆ ನನ್ನ ಆಯ್ಕೆ ಲಿಟಲ್ ಆಕ್. 160 ಗ್ರಾಮಿನ ಈ ಕಪ್ಪುಬಿಳಿ ಹಕ್ಕಿ ಸ್ವಾಲ್‌ಬಾರ್ಡ್‌ನ ಕಲ್ಲುರಾಶಿಗಳ ಸಂದಿಯಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಜೋಡಿಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ಒಂದೊಂದು ಹಕ್ಕಿಗೆ ದಿನಕ್ಕೆ ಬೇಕಾಗುವುದು ಮೂರು ನಾಲ್ಕು ಮಿಲಿಮೀಟರ್ ಉದ್ದದ ಕೋಪೆಪಾಡ್ ಎಂಬ ಕಡಲಜೀವಿಗಳು, ಸುಮಾರು ಅರವತ್ತು ಸಾವಿರ. ಕಡಿಮೆಯೆಂದರೂ ಇಪ್ಪತ್ತು ಲಕ್ಷ ಹಕ್ಕಿಗಳಿಗೆ ಗುಣಿಸಿ: ದಿನವೊಂದಕ್ಕೆ ಹನ್ನೆರಡು ಸಾವಿರ ಕೋಟಿ ಜೀವಿಗಳು. ಹಕ್ಕಿಗಳು ಹಾಕುವ ಹಿಕ್ಕೆ ಬೆಟ್ಟದ ಬುಡಕ್ಕೆ ಇಳಿಯುತ್ತದೆ. ಸುತ್ತಲೂ ಬರಿಗಲ್ಲಿರುವಲ್ಲಿ ಆ ಬುಡದಲ್ಲಿ ಮಾತ್ರ ಪಾಚಿ ದಟ್ಟವಾಗಿ ಹಬ್ಬುತ್ತದೆ, ಸಾರಂಗ ಮೇಯಲು ಬರುತ್ತದೆ, ಸ್ಕರ್ವಿ ಗ್ರಾಸ್ ಎಂದೇ ಹೆಸರಾದ ದಪ್ಪ ಎಲೆಯ ಸೊಪ್ಪು ಸೊಂಪಾಗಿ ಬೆಳೆಯುತ್ತದೆ.

ಎಡ್ಜ್‌ಓಯಾದ ಮೂವರನ್ನು ಉಳಿಸಿದ್ದು ಅದೇ ಜಾತಿಯ ಸೊಪ್ಪು. ಹಸಿಯಾಗಿಯೇ ತಿನ್ನುತ್ತಿದ್ದರು, ಜೊತೆಗೆ ಬೇಯಿಸದ ಮಾಂಸ, ಸಾರಂಗದ ಬಿಸಿ ರಕ್ತ. ರಕ್ತ ಕುಡಿಯಲು ವೆರಿಗಿನ್‌ಗೆ ಮನಸ್ಸು ಒಪ್ಪಲಿಲ್ಲ. ಇತ್ತ ಅವರು ಗುಡಿಸಲಿನಲ್ಲಿದ್ದ ಕಾಲದಲ್ಲೇ, 1747ರಲ್ಲಿ, ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಹಿಡಿದ ಹನ್ನೆರಡು ನಾವಿಕರಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಮದ್ದು ಕೊಟ್ಟು, ಕಿತ್ತಳೆ ನಿಂಬೆ ತಿಂದವರು ಚೇತರಿಸಿಕೊಂಡದ್ದನ್ನು ಕಂಡ. ವೈದ್ಯಲೋಕ ಇನ್ನೂ ತಡಕಾಡುತ್ತಿದ್ದುದನ್ನು ಈ ಬೇಟೆಗಾರರು ನಾಲಿಗೆಯಿಂದ ಬಲ್ಲವರಾಗಿದ್ದರು.

ಈಗಲೂ ಅಂಥ ಗುಡಿಸಲಿನಲ್ಲಿ ಇರಲು ಹೋಗುವವರಿದ್ದಾರೆ. ನಾರ್ವೆಯ ಹಿಲ್ಡೆ ಫೋಲುನ್ ಸ್ಟ್ರೋಮ್, ಅವರ ಗೆಳತಿ ಸುನ್ನಿವಾ ಸೋರ್ಬಿ 2019ರಲ್ಲಿ ಬಾಮ್ಸೆಬು ಎಂಬ ಗುಡಿಸಲು ಸೇರಿದರು. 1930ರಲ್ಲಿ ಬೆಲುಗಾ ತಿಮಿಂಗಿಲ ಬೇಟೆಗಾರರಿಗಾಗಿ ಎದ್ದ ಮನೆ ಅದು. ಇಪ್ಪತ್ತು ಚದರ ಮೀಟರ್, ಅಂದರೆ 215 ಚದರಡಿ. ವಿದ್ಯುತ್ತಿಲ್ಲ, ನಲ್ಲಿಯಿಲ್ಲ, ಊರು 140 ಕಿಲೋಮೀಟರ್ ದೂರ. ಹೊಸದಾಗಿ ಬಿದ್ದ ಹಿಮ ಹತ್ತು ಬಕೆಟ್ ಕರಗಿಸಿದರೆ ಸಿಗುವುದು ಒಂದು ಬಕೆಟ್ ನೀರು. ಒಂಬತ್ತು ತಿಂಗಳೆಂದು ಹೋದವರು ಕೋವಿಡ್‌ನಿಂದಾಗಿ ಎರಡು ಚಳಿಗಾಲ ಅಲ್ಲೇ ಕಳೆದರು. ಹಕ್ಕಿ, ಮೋಡ, ಅರೋರಾ, ಕಡಲಿನ ಸೂಕ್ಷ್ಮಸಸ್ಯಗಳನ್ನು ಗಮನಿಸಿ ವಿಜ್ಞಾನಿಗಳಿಗೆ ಕಳುಹಿಸಿದ ದಾಖಲೆಗಳು ಕೊರೋನಾ ಕಾಲದಲ್ಲಿ ಯಾರೂ ಹೋಗಲಾಗದ ಕಡೆಯಿಂದ ಬಂದವು. ಅದಕ್ಕೇ ಅವಕ್ಕೆ ಹೆಚ್ಚಿನ ಬೆಲೆ. ಮನೆಯ ಹೊರಗೆ ಬೇಟೆಯ ಕಾಲದ ತಿಮಿಂಗಿಲ ಮೂಳೆಗಳ ರಾಶಿ ಹಾಗೇ ಇದೆ. ಒಂದನ್ನೂ ಮುಟ್ಟುವಂತಿಲ್ಲ. 1946ಕ್ಕೆ ಹಿಂದಿನ ಮನುಷ್ಯನ ಕುರುಹು ಯಾವುದೇ ಇರಲಿ, ತುಕ್ಕು ಹಿಡಿದ ಮೊಳೆಯಾದರೂ ಸರಿ, ಸ್ವಾಲ್‌ಬಾರ್ಡ್‌ನ ಕಾನೂನಿನಲ್ಲಿ ಅದು ಸ್ಮಾರಕ.

ನಮ್ಮವರೂ ಆ ಕತ್ತಲೆಗೆ ಹೋಗಿದ್ದಾರೆ. ಸ್ವಾಲ್‌ಬಾರ್ಡ್‌ನ ನೀ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ನೆಲೆ 2008ರಿಂದ ಇದೆ. 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಹೊರಟಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಮೊದಲ ತಾರೆಗಳು ಹುಟ್ಟಿದ ಕಾಲದ ಹೈಡ್ರೋಜನ್ನಿನಿಂದ ಹೊರಟು, 1,300 ಕೋಟಿ ವರ್ಷ ಪಯಣಿಸಿ ಬರುವ ಅತಿ ಕ್ಷೀಣ ರೇಡಿಯೋ ಸದ್ದನ್ನು ಹಿಡಿಯಲು ಮನುಷ್ಯರ ಗದ್ದಲವಿಲ್ಲದ ಜಾಗ ಬೇಕು; ಅಂಥ ಜಾಗ ಇದಾದೀತೇ ಎಂದು ಅವರು ಅಳೆದು ನೋಡಿದರು.

ಒಲೆಯ ಸೌದೆಯ ವಿಷಯಕ್ಕೆ ಬರೋಣ. ಸ್ವಾಲ್‌ಬಾರ್ಡ್‌ನಲ್ಲಿ ಮರಗಳೇ ಇಲ್ಲ. ಅಲ್ಲಿನ ಪೋಲಾರ್ ವಿಲ್ಲೋ ಗಿಡ ಬೆರಳುದ್ದವೂ ಬೆಳೆಯದೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಆದರೂ ಬೇಟೆಗಾರರು ಎಷ್ಟೋ ಚಳಿಗಾಲ ಒಲೆ ಉರಿಸಿದ್ದು ದಡದಲ್ಲಿ ಬಿದ್ದಿರುವ ದಿಮ್ಮಿಗಳಿಂದ. ಅವು ಬರುವುದು ಸೈಬೀರಿಯದಿಂದ. ಯೆನಿಸೇ, ಲೆನಾದಂಥ ನದಿಗಳ ದಂಡೆ ಕುಸಿದಾಗ ಬಿದ್ದ, ಇಲ್ಲವೇ ಮರ ಕಡಿಯುವವರ ಕೈತಪ್ಪಿದ ಲಾರ್ಚ್, ಪೈನ್ ಮರಗಳು ಸಾವಿರಾರು ಕಿಲೋಮೀಟರ್ ತೇಲಿ ಕಡಲು ಸೇರುತ್ತವೆ. ಅಲ್ಲಿ ನೀರಿನಲ್ಲೇ ಇದ್ದರೆ ಒಂದು, ಒಂದೂವರೆ ವರ್ಷದಲ್ಲಿ ನೀರು ಕುಡಿದು ಮುಳುಗಿಬಿಡುತ್ತವೆ. ಪಯಣಕ್ಕೋ ಅದಕ್ಕಿಂತ ಹೆಚ್ಚು ಕಾಲ ಬೇಕು: ಧ್ರುವಯಾತ್ರಿಕ ಫ್ರಿತ್ಯೋಫ್ ನಾನ್‌ಸೆನ್‌ನ ಫ್ರಾಮ್ ಹಡಗು 1893ರ ಸೆಪ್ಟೆಂಬರಿನಲ್ಲಿ ಸೈಬೀರಿಯದ ಉತ್ತರಕ್ಕೆ ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ಅದರ ಜೊತೆ ತೇಲುತ್ತಾ ಸ್ಪಿಟ್ಸ್‌ಬರ್ಗನ್‌ನ ವಾಯವ್ಯದಲ್ಲಿ ಬಿಡಿಸಿಕೊಂಡದ್ದು 1896ರ ಆಗಸ್ಟಿನಲ್ಲಿ. ಸುಮಾರು ಮೂವತ್ತೈದು ತಿಂಗಳು. ದಿಮ್ಮಿಯೂ ಹಾಗೇ ಮಂಜುಗಡ್ಡೆಯಲ್ಲಿ ಹೂತು, ಅದರ ಬೆನ್ನೇರಿ ಬರಬೇಕು.

ಬಂದದ್ದು ಆ ಚಳಿಯಲ್ಲಿ ಬೇಗ ಕೊಳೆಯುವುದಿಲ್ಲ. ಹಿಂದಿನ ಹಿಮಯುಗದ ಭಾರ ಇಳಿದ ಮೇಲೆ ಈ ದ್ವೀಪಗಳ ನೆಲ ನಿಧಾನವಾಗಿ ಮೇಲೇಳುತ್ತಿದೆ. ಹಳೆಯ ಕಡಲದಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ಈಗಿನ ದಡಕ್ಕಿಂತ ಎಷ್ಟೋ ಮೀಟರ್ ಮೇಲಿವೆ. ಅವುಗಳ ಮೇಲೆ ಸಾವಿರಾರು ವರ್ಷ ಹಳೆಯ ದಿಮ್ಮಿಗಳು ಸಿಕ್ಕಿವೆ. ಉಂಗುರಗಳನ್ನು ಸೈಬೀರಿಯದ ಮರಗಳ ಜೊತೆ ಹೋಲಿಸಿದರೆ ಯಾವ ನದಿಯ ಕಡೆಯ ಮರ, ಯಾವ ಕಾಲದ್ದು ಎಂದು ತಿಳಿಯುತ್ತದೆ. ಆ ಪ್ರಯಾಣಕ್ಕೆ ಮಂಜುಗಡ್ಡೆ ಬೇಕೇಬೇಕು ಎಂದಾದಮೇಲೆ, ಯಾವ ಕಾಲದಲ್ಲಿ ಎಷ್ಟು ಮರ ಬಂತೆಂಬುದೇ ಆಯಾ ಕಾಲದ ಮಂಜುಗಡ್ಡೆಯ ಲೆಕ್ಕವೂ ಆಯಿತು. ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಕಡಲ ಮೇಲೆ ಉಳಿಯುವ ಮಂಜುಗಡ್ಡೆ 1979ರಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರಲ್ಲಿ 34 ಲಕ್ಷಕ್ಕೆ ಇಳಿಯಿತು. ಉತ್ತರ ಸ್ವಾಲ್‌ಬಾರ್ಡ್‌ನ ದಡಗಳ ದಿಮ್ಮಿಗಳಿಂದ ಐದುನೂರು ವರ್ಷಗಳ ಚರಿತ್ರೆ ಬಿಡಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹೊಸ ದಿಮ್ಮಿಗಳ ಬರವು ಥಟ್ಟನೆ ಕುಸಿದದ್ದು ಕೊನೆಯ ಮೂವತ್ತು ವರ್ಷಗಳಲ್ಲಿ.